ಎಡಗೈಗೂ ಚೆಂಡು ಕೊಡಿ

ಜೂನ್ ಬಂತೆಂದರೆ ನಿಮ್ಮಲ್ಲಿ ಕೆಲವರಿಗೆ ಬೆಳಗಿನ ಆರಕ್ಕೇ ಎಚ್ಚರವಾಗುತ್ತದೆ. ಅಮೆರಿಕದಲ್ಲಿ ರಾತ್ರಿ ಎಂಟೂವರೆಗೆ ಶುರುವಾಗುವ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್ ನಮ್ಮೂರು ಸಾಸಲಿಗೆ ತಲುಪುವುದು ಡೈರಿಗೆ ಹಾಲು ಹಾಕುವ ಹೊತ್ತಿನಲ್ಲಿ. ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಮೊಬೈಲು. ಬೈಯೋಕೆ ಬಂದವನಲ್ಲ ನಾನು, ನೋಡಿ ಮಕ್ಕಳೇ, ಚೆನ್ನಾಗಿಯೇ ನೋಡಿ. ಏನನ್ನು ನೋಡಬೇಕು ಅನ್ನುವುದಷ್ಟೇ ನನ್ನ ಮಾತು.

ನಮ್ಮ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಸಂಜೆಯೊಳಗೆ ಕಪ್ ಕೊಟ್ಟು ಫೋಟೊ ಹಿಡಿಸಿದರೆ ಮುಗಿಯಿತು. ಒಬ್ಬ ಎತ್ತರದ ಹುಡುಗನಿದ್ದರೆ ಆ ಒಂದು ದಿನ ಹೇಗೋ ದಾಟಬಹುದು. ಫೈನಲ್ಸ್ ಹಾಗಲ್ಲ. ಅವೇ ಎರಡು ತಂಡ, ಹೆಚ್ಚೆಂದರೆ ಏಳು ಪಂದ್ಯ, ಮೊದಲು ನಾಲ್ಕು ಗೆದ್ದವರಿಗೆ ಪಟ್ಟ. ಘಾಟಿ ಜಾತ್ರೆಯಲ್ಲಿ ಎತ್ತಿನ ಮೈಕಟ್ಟು ನೋಡಿ ಮೆಚ್ಚಿ ಕೊಂಡು ತರುತ್ತೇವಲ್ಲ, ಅದರ ಗುಣ ಗೊತ್ತಾಗುವುದು ನಾಲ್ಕು ದಿನ ನೊಗಕ್ಕೆ ಹೂಡಿದ ಮೇಲೆ. ಸರಣಿಯೂ ಅಷ್ಟೇ.

ನೀನು ಬಲಗೈಯಲ್ಲಿ ಮಾತ್ರ ಡ್ರಿಬಲ್ ಮಾಡುತ್ತೀ ಎಂಬುದು ಮೊದಲ ಪಂದ್ಯದಲ್ಲೇ ಎದುರಾಳಿಗೆ ತಿಳಿದುಹೋಗುತ್ತದೆ. ಎರಡನೆಯದರಲ್ಲಿ ಅವನು ನಿನ್ನ ಬಲಕ್ಕೆ ಅರ್ಧ ಹೆಜ್ಜೆ ಸರಿದು ನಿಂತಿರುತ್ತಾನೆ. ನೀನು ಎಡಕ್ಕೇ ಹೋಗಬೇಕು, ಆ ಕೈಗೆ ಚೆಂಡಿನ ಅಭ್ಯಾಸವೇ ಇಲ್ಲ. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುವ ಡಂಕ್ ಬಿಟ್ಟು ಆ ಅರ್ಧ ಹೆಜ್ಜೆಯನ್ನು ನೋಡುವುದು ಕಲಿಯಿರಿ.

2015ರ ಫೈನಲ್ಸ್ ಹೇಳುತ್ತೇನೆ, ಕೇಳಿ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಮೂರು ಪಂದ್ಯ ಮುಗಿದಾಗ ಕ್ಲೀವ್‌ಲೆಂಡ್ ಎದುರು 1-2ರಿಂದ ಹಿಂದಿತ್ತು. ಆ ತಂಡದಲ್ಲಿ ನಿಕ್ ಯುರೆನ್ ಅಂತ 28 ವರ್ಷದ ಹುಡುಗ. ಆಟಗಾರನಲ್ಲ, ಕೋಚ್ ಸ್ಟೀವ್ ಕೆರ್‌ಗೆ ಸಹಾಯಕ. ಅವನು ಹಿಂದಿನ ವರ್ಷದ ಫೈನಲ್ಸ್ ವಿಡಿಯೊ ಹಾಕಿಕೊಂಡು ಕೂತು, ಸ್ಯಾನ್ ಆಂಟೋನಿಯೊ ತಂಡ ನಡುವೆ ತನ್ನ ಶುರುವಿನ ಐವರಲ್ಲಿ ಒಬ್ಬನನ್ನು ಬದಲಿಸಿದ್ದನ್ನು ಗಮನಿಸಿದ. ನಾವೂ ದೈತ್ಯ ಬೋಗಟ್ ಬದಲು ಆಂಡ್ರೆ ಇಗೊಡಾಲನನ್ನು ಮೊದಲಿಂದಲೇ ಆಡಿಸೋಣ ಎಂದು ನಡುರಾತ್ರಿ ಕಳೆದ ಮೇಲೆ ಕೋಚ್‌ಗೆ ಸಂದೇಶ ಕಳಿಸಿದ. ಕೋಚ್ ಒಪ್ಪಿದ. ನಾಲ್ಕನೇ ಪಂದ್ಯ 103-82, ಆಮೇಲೆ ಇನ್ನೆರಡು. 40 ವರ್ಷಗಳ ಬಳಿಕ ಆ ತಂಡಕ್ಕೆ ಪಟ್ಟ ಬಂತು.

ಇಗೊಡಾಲ ಹತ್ತು ವರ್ಷ ಶುರುವಿನ ಐವರಲ್ಲೇ ಆಡಿಕೊಂಡು ಬಂದವನು. ಆ ವರ್ಷ ಲೀಗ್ ಹಂತದಲ್ಲಿ ಒಂದೇ ಒಂದು ಪಂದ್ಯದಲ್ಲೂ ಅವನನ್ನು ಮೊದಲಿಗೆ ಇಳಿಸಿರಲಿಲ್ಲ. ಮುಖ ಊದಿಸಿಕೊಂಡು ಕೂತಿದ್ದರೆ ಕರೆ ಬಂದ ದಿನ ಕಾಲು ಏಳುತ್ತಿರಲಿಲ್ಲ. ಸರಣಿಯ ಶ್ರೇಷ್ಠ ಆಟಗಾರ ಅವನೇ ಆದ. ಬೆಂಚಿನ ಮೇಲೆ ಕೂರಿಸಿದರೆಂದು ಮರುದಿನ ಪ್ರಾಕ್ಟೀಸಿಗೇ ಬಾರದವರು ನಿಮ್ಮಲ್ಲೂ ಇದ್ದೀರಿ, ಹೆಸರು ಬೇಡ.

ಮರುವರ್ಷ ಅದೇ ವಾರಿಯರ್ಸ್, ಲೀಗ್ ಹಂತದಲ್ಲಿ 73 ಪಂದ್ಯ ಗೆದ್ದ ದಾಖಲೆ, ಫೈನಲ್ಸ್‌ನಲ್ಲಿ 3-1ರ ಮುನ್ನಡೆ. ನಾಲ್ಕನೇ ಪಂದ್ಯದ ಕೊನೆಯಲ್ಲಿ ಅವರ ಡ್ರೇಮಂಡ್ ಗ್ರೀನ್ ಸಿಟ್ಟಿಗೆದ್ದು ಕ್ಲೀವ್‌ಲೆಂಡ್‌ನ ಲೆಬ್ರಾನ್ ಜೇಮ್ಸ್ ಮೇಲೆ ಕೈ ಬೀಸಿದ. ಹಿಂದಿನ ಸುತ್ತುಗಳ ಫೌಲ್‌ಗಳ ಲೆಕ್ಕವೂ ಸೇರಿ ಐದನೇ ಪಂದ್ಯಕ್ಕೆ ಅವನಿಗೆ ನಿಷೇಧ. ಅದನ್ನು ಸೋತರು, ಆರನೆಯದೂ ಹೋಯಿತು, ಏಳನೆಯದು 93-89ಕ್ಕೆ ಕ್ಲೀವ್‌ಲೆಂಡ್ ಪಾಲಾಯಿತು. ಫೈನಲ್ಸ್‌ನಲ್ಲಿ 1-3ರಿಂದ ಎದ್ದು ಬಂದು ಗೆದ್ದ ತಂಡ ಅದಕ್ಕೆ ಮೊದಲು ಇರಲೇ ಇಲ್ಲ. ಅಂಪೈರ್ ಮೇಲೆ ಏರಿಹೋಗುವ ಹುಡುಗರೇ, ಒಬ್ಬನ ಸಿಟ್ಟಿಗೆ ತಂಡ ಏನೇನು ತೆತ್ತಿತು ಲೆಕ್ಕ ಹಾಕಿ.

ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರದ್ದೇ ಇದೆ. 2017ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಬಿ ಡಿವಿಜನ್ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಎ ಡಿವಿಜನ್‌ಗೆ ಏರಿತು. ಎರಡೇ ಪಾಯಿಂಟ್ ಕಣಮ್ಮ, ಎರಡು ಫ್ರೀ ಥ್ರೋ ಅಷ್ಟೇ. ಯಾರೂ ಅಡ್ಡ ಬಾರದ ಆ ಎಸೆತವನ್ನೇ ನೀವು ಪ್ರಾಕ್ಟೀಸಿನಲ್ಲಿ ನಗಾಡಿಕೊಂಡು ಹಾಕುತ್ತೀರಿ.

ಇನ್ನು ಹೊಟ್ಟೆಪಾಡಿನ ಮಾತು. 2015ರಲ್ಲಿ ಯುಬಿಎ ಅಂತ ವೃತ್ತಿಪರ ಲೀಗ್ ಶುರುವಾಯಿತು, ಬೆಂಗಳೂರು ಬೀಸ್ಟ್ ಎಂಬ ತಂಡವೂ ಇತ್ತು. ನಾಲ್ಕು ಸೀಸನ್ ಆಡಿ 2017ರ ನಂತರ ನಿಂತುಹೋಯಿತು. 2022ರಲ್ಲಿ ಐಎನ್‌ಬಿಎಲ್ ಬಂತು, ಅದರಲ್ಲಿ ಬೆಂಗಳೂರು ಕಿಂಗ್ಸ್. ಪಂಜಾಬಿನ ಹಳ್ಳಿಯ ಏಳಡಿ ಎರಡಂಗುಲದ ಸತ್ನಾಮ್ ಸಿಂಗ್‌ನನ್ನು 2015ರಲ್ಲಿ ಡಲ್ಲಾಸ್ ತಂಡ ಆರಿಸಿಕೊಂಡಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ ಅವನು. ಎನ್‌ಬಿಎ ಲೀಗ್ ಪಂದ್ಯ ಒಂದನ್ನೂ ಆಡಲಾಗಲಿಲ್ಲ, ಆಮೇಲೆ ಕುಸ್ತಿ ಶೋಗಳ ಕಡೆ ಹೋದ. ಹೆದರಿಸೋಕೆ ಹೇಳುತ್ತಿಲ್ಲ ಕಣ್ರಪ್ಪ. ಈ ಆಟ ನಂಬಿದ ನಮ್ಮ ಕಡೆಯ ಹುಡುಗರಿಗೆ ಇವತ್ತಿಗೂ ಸಂಬಳ ಕೊಡುತ್ತಿರುವುದು ಹೆಚ್ಚಾಗಿ ರೈಲ್ವೆ, ಪೊಲೀಸ್, ಬ್ಯಾಂಕಿನಂಥ ಇಲಾಖೆಗಳ ಕ್ರೀಡಾ ಕೋಟಾ.

ಹಾಗಾಗಿ ಇವತ್ತು ಸಂಜೆಯಿಂದ ಬರಿ ಎಡಗೈಯಲ್ಲಿ ಲೇ-ಅಪ್ ಹಾಕಿ. ಮೊದಲ ವಾರ ಚೆಂಡು ರಿಂಗಿಗೂ ತಾಗದು, ನಗುವವರು ನಗಲಿ. ರಾತ್ರಿ ಪುಸ್ತಕವನ್ನೂ ತೆಗೆಯಿರಿ. ಕ್ರೀಡಾ ಕೋಟಾದ ಅರ್ಜಿಗೂ ಪಾಸಾದ ಅಂಕಪಟ್ಟಿ ಲಗತ್ತಿಸಲೇಬೇಕು.