ಹಿತ್ತಲ ಚಕ್ಕೋತವೂ ಮಾತ್ರೆಯ ಡಬ್ಬಿಯೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಕೈಗೆಟಕುವಷ್ಟು ಸಮೀಪದಲ್ಲಿರುವುದರ ಬೆಲೆ ನಮಗೆ ತಿಳಿಯುವುದಿಲ್ಲವೆಂಬುದು ಅದರ ಇಂಗಿತ. ಈಚಿನ ದಿನಗಳಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯೂ ಬೆಳೆದಿದೆ. ಹಿತ್ತಲಲ್ಲಿ ಬೆಳೆದುದು, ಪ್ರಕೃತಿದತ್ತವಾದುದು ಎಂದಿಗೂ ಕೆಡುಕು ಮಾಡಲಾರದು ಎಂಬುದೇ ಆ ನಂಬಿಕೆ. ಇವೆರಡೂ ಅರ್ಧಸತ್ಯಗಳು. ಇದನ್ನು ಮನಗಾಣಿಸಲು ನಮ್ಮ ಸೀಮೆಯ ದೇವನಹಳ್ಳಿ ಚಕ್ಕೋತವೇ ಉತ್ತಮ ನಿದರ್ಶನ.

ಹಣ್ಣಿನ ಪರಿಚಯ

ನಿಂಬೆ, ಕಿತ್ತಳೆ, ಮೋಸಂಬಿಗಳ ಕುಲದಲ್ಲಿ ಚಕ್ಕೋತವೇ ಗಾತ್ರದಲ್ಲಿ ಹಿರಿಯದು. ಇದರ ಮೂಲ ಆಗ್ನೇಯ ಏಷ್ಯಾ. ಚೀನೀಯರು ತಮ್ಮ ಶರತ್ಕಾಲದ ಹುಣ್ಣಿಮೆಯ ಹಬ್ಬದಲ್ಲಿ ಇದನ್ನು ಹಂಚಿ ತಿನ್ನುತ್ತಾರೆ. ನಮ್ಮಲ್ಲಿ ಗೌರಿ ಗಣೇಶನ ಹಬ್ಬದ ಫಲಗಳ ಸಾಲಿನಲ್ಲಿ ಇದಕ್ಕೆ ಸ್ಥಾನವುಂಟು. ಬೇರೆಡೆ ಬೆಳೆಯುವ ಚಕ್ಕೋತ ಬಹುಮಟ್ಟಿಗೆ ಹುಳಿ, ಒಗರು, ಕಹಿಗಳ ಮಿಶ್ರಣ. ದೇವನಹಳ್ಳಿಯ ಕೆಂಪು ಮಣ್ಣಿನಲ್ಲಿ ಬೆಳೆದ ಹಣ್ಣಾದರೋ ತನ್ನ ಸಿಹಿಗೆ ಹೆಸರಾಗಿದೆ. ಆ ಹಿರಿಮೆಗಾಗಿಯೇ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ.

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಭೂಮಿಯ ಬೆಲೆ ಏರಿತು, ತೋಟಗಳು ನಿವೇಶನಗಳಾದವು. ಹಿತ್ತಲಿನ ಹಳೆಯ ಚಕ್ಕೋತದ ಮರಗಳು ಒಂದೊಂದಾಗಿ ಉರುಳಿದವು. ಉಳಿದಿರುವ ಮರಗಳ ಹಣ್ಣಿಗೆ ಈಗ ಬೇಡಿಕೆ ಹೆಚ್ಚಿದೆ. ಬಲ್ಲವರು ಹುಡುಕಿ ತರುತ್ತಾರೆ, ಬಂಧುಗಳಿಗೆ ಪ್ರೀತಿಯಿಂದ ಕಳುಹಿಸುತ್ತಾರೆ. ಹೀಗೆ ಪ್ರೀತಿಯಿಂದ ಬಂದ ಹಣ್ಣು ಮನೆಯ ಹಿರಿಯರ ತಟ್ಟೆಯನ್ನು ಸೇರುವಾಗ, ಅದೇ ಹಿರಿಯರ ಮಾತ್ರೆಯ ಡಬ್ಬಿಯಲ್ಲಿ ಏನಿದೆ ಎಂಬುದನ್ನೂ ನೋಡಬೇಕಾಗುತ್ತದೆ.

ಗುಣಗಳು

ಮೊದಲು ಹಣ್ಣಿನ ಒಳಿತನ್ನು ಹೇಳುವುದು ನ್ಯಾಯ. ನೂರು ಗ್ರಾಂ ತೊಳೆಯಲ್ಲಿ ಸುಮಾರು 60 ಮಿಲಿಗ್ರಾಂ ‘ಸಿ’ ಜೀವಸತ್ವವಿದೆ. ವಯಸ್ಕರ ಒಂದು ದಿನದ ಅಗತ್ಯದ ಬಹುಪಾಲು ಇದರಿಂದಲೇ ಸಲ್ಲುತ್ತದೆ. ಹಣ್ಣಿನ ಬಹುಭಾಗ ನೀರೇ ಆದುದರಿಂದ ಶಕ್ತಿಯ ಪ್ರಮಾಣ ನೂರು ಗ್ರಾಮಿಗೆ 40 ಕ್ಯಾಲರಿಗೂ ಕಡಿಮೆ. ನಾರಿನಂಶವೂ ಪೊಟ್ಯಾಸಿಯಂ ಲವಣವೂ ಉಂಟು.

ಸಸ್ಯಾಹಾರಿಗಳಾದ ನಮಗೆ ಇದರಿಂದ ಇನ್ನೊಂದು ಉಪಕಾರವಿದೆ. ರಾಗಿ, ಸೊಪ್ಪು, ಕಾಳುಗಳಲ್ಲಿ ಕಬ್ಬಿಣದ ಅಂಶವಿದ್ದರೂ ಅದು ಕರುಳಿನಲ್ಲಿ ಸುಲಭವಾಗಿ ಹೀರಲ್ಪಡುವುದಿಲ್ಲ. ಊಟದೊಡನೆ ‘ಸಿ’ ಜೀವಸತ್ವವಿರುವ ಹಣ್ಣನ್ನು ಸೇವಿಸಿದರೆ ಆ ಹೀರುವಿಕೆ ಹೆಚ್ಚುತ್ತದೆ. ಊಟದ ಬೆನ್ನಿಗೇ ಕಾಫಿ, ಚಹಾ ಕುಡಿದರೆ ಅದು ಕುಗ್ಗುತ್ತದೆ. ರಕ್ತಹೀನತೆಯುಳ್ಳ ಹೆಣ್ಣುಮಕ್ಕಳು ಮುದ್ದೆ, ಸೊಪ್ಪಿನ ಸಾರಿನ ಊಟದ ಬಳಿಕ ಕಾಫಿಯ ಬದಲು ನಾಲ್ಕು ತೊಳೆ ಚಕ್ಕೋತ ತಿಂದರೆ, ಉಂಡ ಊಟದಿಂದಲೇ ಹೆಚ್ಚಿನ ಫಲ ಪಡೆಯುತ್ತಾರೆ. ಉಪ್ಪು, ಖಾರದ ಪುಡಿ ಉದುರಿಸಿ ತಿನ್ನುವ ರೂಢಿಯನ್ನು ಮಾತ್ರ ರಕ್ತದೊತ್ತಡವುಳ್ಳವರು ಬಿಡುವುದು ಲೇಸು.

ಆಕಸ್ಮಿಕವಾದ ಒಂದು ಶೋಧನೆ

ಚಕ್ಕೋತವೂ ಕಿತ್ತಳೆಯೂ ಕೂಡಿ ಹುಟ್ಟಿದ ಒಂದು ಹಣ್ಣು ಪಾಶ್ಚಾತ್ಯರಲ್ಲಿ ಪ್ರಸಿದ್ಧವಾಗಿದೆ. ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಕಾಣಿಸಿಕೊಂಡ ಇದಕ್ಕೆ ಗ್ರೇಪ್‌ಫ್ರೂಟ್ ಎಂದು ಹೆಸರು. ಕಾಯಿಗಳು ದ್ರಾಕ್ಷಿಯ ಗೊಂಚಲಿನಂತೆ ತೂಗುವುದರಿಂದ ಈ ಹೆಸರು ಬಂತೆನ್ನುತ್ತಾರೆ. ದ್ರಾಕ್ಷಿಗೂ ಇದಕ್ಕೂ ಬೇರಾವ ನಂಟೂ ಇಲ್ಲ. ಆದುದರಿಂದ ನಮ್ಮ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಗೆ ಮುಂದೆ ಹೇಳುವ ಎಚ್ಚರಿಕೆ ಅನ್ವಯಿಸುವುದಿಲ್ಲ.

ಕೆನಡಾ ದೇಶದ ಡೇವಿಡ್ ಬೇಯ್ಲಿ ಎಂಬ ವಿಜ್ಞಾನಿ ಹಾಗೂ ಅವರ ಸಂಗಡಿಗರು, ರಕ್ತದೊತ್ತಡದ ಫೆಲೋಡಿಪಿನ್ ಎಂಬ ಔಷಧವನ್ನು ಮದ್ಯದೊಡನೆ ಸೇವಿಸಿದರೆ ಏನಾಗುವುದೆಂದು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿಯನ್ನು ಮರೆಮಾಚಲು ಅವರು ಆರಿಸಿಕೊಂಡದ್ದು ಗ್ರೇಪ್‌ಫ್ರೂಟ್ ರಸ. ರಕ್ತವನ್ನು ಪರೀಕ್ಷಿಸಿದಾಗ ಔಷಧದ ಪ್ರಮಾಣ ನಿರೀಕ್ಷೆಗಿಂತ ಬಹಳ ಹೆಚ್ಚಾಗಿತ್ತು. ಕಾರಣವನ್ನು ಅರಸುತ್ತ ಹೋದಾಗ ಅದು ಮದ್ಯವಲ್ಲ, ಹಣ್ಣಿನ ರಸವೇ ಎಂದು ತಿಳಿಯಿತು. 1989ರಲ್ಲಿ ಬೆಳಕಿಗೆ ಬಂದ ಈ ಸಂಗತಿಯನ್ನು 1991ರ ಇನ್ನೊಂದು ಅಧ್ಯಯನವು ಸ್ಥಿರಪಡಿಸಿತು.

ಕರುಳಿನ ಸುಂಕದ ಕಟ್ಟೆ

ನಾವು ನುಂಗಿದ ಮಾತ್ರೆ ಪೂರ್ತಿಯಾಗಿ ರಕ್ತವನ್ನು ಸೇರುವುದಿಲ್ಲ. ಕರುಳಿನ ಗೋಡೆಯಲ್ಲಿ ‘ಸಿವೈಪಿ 3ಎ4’ ಎಂಬ ಕಿಣ್ವವೊಂದು ಸುಂಕದ ಕಟ್ಟೆಯ ಅಧಿಕಾರಿಯಂತೆ ಕುಳಿತು, ಹಾದುಹೋಗುವ ಔಷಧದಲ್ಲಿ ಒಂದು ಪಾಲನ್ನು ಒಡೆದು ಹಾಕುತ್ತದೆ. ಯಕೃತ್ತಿನಲ್ಲಿಯೂ ಇಂತಹದೇ ಕಾರ್ಯ ನಡೆಯುತ್ತದೆ. ಫೆಲೋಡಿಪಿನ್ನಿನ ಮಟ್ಟಿಗೆ ಹೇಳುವುದಾದರೆ, ನುಂಗಿದುದರಲ್ಲಿ ನೂರಕ್ಕೆ ಸುಮಾರು 15 ಪಾಲು ಮಾತ್ರ ರಕ್ತಕ್ಕೆ ದಕ್ಕುತ್ತದೆ. ಈ ಸುಂಕವನ್ನು ಲೆಕ್ಕಕ್ಕೆ ಹಿಡಿದೇ ಮಾತ್ರೆಯ ಪ್ರಮಾಣವನ್ನು ನಿಗದಿಪಡಿಸಿರುತ್ತಾರೆ.

ಗ್ರೇಪ್‌ಫ್ರೂಟ್ ಮತ್ತು ಚಕ್ಕೋತಗಳಲ್ಲಿ ಫ್ಯೂರನೊಕೌಮರಿನ್ ಎಂಬ ರಾಸಾಯನಿಕಗಳಿವೆ. ಕೀಟ, ಶಿಲೀಂಧ್ರಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡವೇ ಅವನ್ನು ತಯಾರಿಸಿಕೊಳ್ಳುತ್ತದೆ. ಇದೇ ಬಗೆಯ ದ್ರವ್ಯ ನಿಂಬೆಯ ಸಿಪ್ಪೆಯಲ್ಲಿಯೂ ಇರುವುದರಿಂದಲೇ, ಬಿಸಿಲಲ್ಲಿ ಕುಳಿತು ನಿಂಬೆಹಣ್ಣು ಹಿಂಡುವವರ ಕೈಯಲ್ಲಿ ಕೆಲವೊಮ್ಮೆ ಸುಟ್ಟಂತಹ ಕಪ್ಪು ಕಲೆಗಳೇಳುವುದು. ಈ ದ್ರವ್ಯ ಕರುಳಿಗೆ ಇಳಿದಾಗ ಸುಂಕದ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸುತ್ತದೆ. ಆಗ ಕೆಲವು ಔಷಧಗಳು ತಡೆಯಿಲ್ಲದೆ ಒಳನುಗ್ಗುತ್ತವೆ. ಒಂದು ಮಾತ್ರೆ ನುಂಗಿದವರ ದೇಹ ಎರಡು ಮೂರು ಮಾತ್ರೆ ನುಂಗಿದವರ ದೇಹದಂತೆ ವರ್ತಿಸುತ್ತದೆ.

ಕರುಳು ಹೊಸ ಕಿಣ್ವವನ್ನು ತಯಾರಿಸಿಕೊಳ್ಳಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಆದುದರಿಂದ ‘ಬೆಳಿಗ್ಗೆ ಹಣ್ಣು, ರಾತ್ರಿ ಮಾತ್ರೆ’ ಎಂದು ಹೊತ್ತನ್ನು ಬೇರ್ಪಡಿಸಿದರೆ ಸಾಕೆಂಬ ಉಪಾಯ ಫಲಿಸುವುದಿಲ್ಲ.

ಇದು ಗ್ರೇಪ್‌ಫ್ರೂಟಿನ ಕಥೆ, ಚಕ್ಕೋತಕ್ಕೇನು ಸಂಬಂಧ ಎಂದು ಕೇಳಬಹುದು. ಮೂತ್ರಪಿಂಡದ ಕಸಿ ಮಾಡಿಸಿಕೊಂಡಿದ್ದ ರೋಗಿಯೊಬ್ಬರು ಚಕ್ಕೋತ ತಿಂದ ಬಳಿಕ, ಅವರ ರಕ್ತದಲ್ಲಿ ಟ್ಯಾಕ್ರೊಲಿಮಸ್ ಔಷಧದ ಪ್ರಮಾಣ ಏರಿದುದನ್ನು ಜಪಾನಿನ ವೈದ್ಯರು 2003ರಲ್ಲಿ ವರದಿ ಮಾಡಿದರು. ತಳಿಯಿಂದ ತಳಿಗೆ ಈ ದ್ರವ್ಯದ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಇರುತ್ತದೆ. ಸಿಹಿಯಾದ ಹಣ್ಣು ನಿರಪಾಯಕಾರಿಯೆಂದು ನಾಲಗೆಯಿಂದ ನಿರ್ಣಯಿಸಲಾಗದು.

ಯಾರು ಎಚ್ಚರ ವಹಿಸಬೇಕು?

ಅಂಗಾಂಗ ಕಸಿಯಾಗಿ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್ ಸೇವಿಸುವವರು ಚಕ್ಕೋತವನ್ನು ಸಂಪೂರ್ಣವಾಗಿ ವರ್ಜಿಸಬೇಕು. ಕೊಲೆಸ್ಟರಾಲ್ ತಗ್ಗಿಸುವ ಸಿಮ್ವಾಸ್ಟ್ಯಾಟಿನ್ ಸೇವಿಸುವವರೂ ದೂರವಿರುವುದು ಕ್ಷೇಮ. ಅಟೊರ್ವಾಸ್ಟ್ಯಾಟಿನ್ ಸೇವಿಸುವವರು ಹೆಚ್ಚು ಪ್ರಮಾಣದಲ್ಲಿ ತಿನ್ನಬಾರದು. ಈ ಔಷಧಗಳು ರಕ್ತದಲ್ಲಿ ಮಿತಿಮೀರಿದರೆ ಸ್ನಾಯುಗಳಿಗೆ ಹಾನಿಯಾಗಿ, ಅದರಿಂದ ಮೂತ್ರಪಿಂಡಕ್ಕೂ ಅಪಾಯ ಒದಗಬಹುದು. ಕಾರಣವಿಲ್ಲದೆ ತೊಡೆ, ತೋಳುಗಳಲ್ಲಿ ತೀವ್ರ ನೋವು, ಕಪ್ಪು ಚಹಾದ ಬಣ್ಣದ ಮೂತ್ರ ಕಂಡುಬಂದರೆ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ರಕ್ತದೊತ್ತಡದ ಔಷಧಗಳಲ್ಲಿ ಫೆಲೋಡಿಪಿನ್, ನಿಫೆಡಿಪಿನ್‌ಗಳು ಈ ಗುಂಪಿಗೆ ಸೇರುತ್ತವೆ. ಒತ್ತಡ ತೀರ ಇಳಿದು ತಲೆಸುತ್ತು, ಬವಳಿ ಬರಬಹುದು. ಹೃದಯಬಡಿತದ ಏರುಪೇರಿಗೆ ಕೊಡುವ ಅಮಿಯೋಡರೋನ್ ಸೇವಿಸುವವರಿಗೂ ಇದು ನಿಷಿದ್ಧ. ಅಲರ್ಜಿಗೆ ಕೊಡುವ ಫೆಕ್ಸೊಫೆನಾಡಿನ್ ವಿಷಯದಲ್ಲಿ ಗ್ರೇಪ್‌ಫ್ರೂಟ್ ರಸದಂತಹವುಗಳಿಂದ ಆಗುವ ಪರಿಣಾಮವೇ ತಿರುವುಮುರುವು. ಔಷಧ ರಕ್ತಕ್ಕೆ ಸಾಕಷ್ಟು ಸೇರದೆ ಗುಣ ತಗ್ಗುತ್ತದೆ. ಇವೆಲ್ಲದರ ಹೊರತಾಗಿ, ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಂ ಕಡಿಮೆ ಮಾಡಬೇಕೆಂದು ವೈದ್ಯರು ಸೂಚಿಸಿರುವವರು ಯಾವುದೇ ಹಣ್ಣಿನ ಪ್ರಮಾಣವನ್ನು ಅವರನ್ನು ಕೇಳಿಯೇ ನಿಶ್ಚಯಿಸಬೇಕು.

ಹಾಗೆಂದು ಎಲ್ಲರೂ ಅಂಜಬೇಕಿಲ್ಲ. ಬಹುಜನರು ಸೇವಿಸುವ ಅಮ್ಲೋಡಿಪಿನ್ ಮೇಲೆ ಈ ಪರಿಣಾಮ ಅಲ್ಪ. ಮಧುಮೇಹದ ಮೆಟ್‌ಫಾರ್ಮಿನ್, ಕೊಲೆಸ್ಟರಾಲಿನ ರೋಸುವಾಸ್ಟ್ಯಾಟಿನ್ ಈ ಸುಂಕದ ಕಟ್ಟೆಯನ್ನು ಅವಲಂಬಿಸಿಲ್ಲ. ಸಾಮಾನ್ಯವಾದ ಸಿಹಿ ಕಿತ್ತಳೆ, ಮೋಸಂಬಿಗಳಿಂದ ಇಂತಹ ತೊಂದರೆಯಿಲ್ಲ. ಯಾವ ಔಷಧವನ್ನೂ ಸೇವಿಸದ ಆರೋಗ್ಯವಂತರಿಗೆ ಚಕ್ಕೋತ ನಿಶ್ಚಿಂತೆಯಿಂದ ತಿನ್ನಬಹುದಾದ ಫಲ.

ಆಚರಣೆಯಲ್ಲಿ

ಮೊದಲನೆಯದಾಗಿ, ಮನೆಯ ಹಿರಿಯರು ಸೇವಿಸುವ ಔಷಧಗಳ ಹೆಸರನ್ನು ಒಂದು ಕಾಗದದಲ್ಲಿ ಬರೆದಿಡಬೇಕು. ಪೊಟ್ಟಣದ ಮೇಲೆ ಕಂಪನಿಯ ಹೆಸರೂ ಔಷಧದ ನಿಜನಾಮವೂ ಇರುತ್ತವೆ. ಆ ನಿಜನಾಮವೇ ಮುಖ್ಯ. ಎರಡನೆಯದಾಗಿ, ವೈದ್ಯರನ್ನು ಕಾಣುವಾಗ ‘ನಮ್ಮ ಮನೆಯಲ್ಲಿ ಚಕ್ಕೋತ ತಿನ್ನುತ್ತೇವೆ, ಈ ಕಷಾಯ ಕುಡಿಯುತ್ತೇವೆ’ ಎಂದು ತಾವಾಗಿಯೇ ಹೇಳಬೇಕು. ಆಹಾರದ ಮಾತು ವೈದ್ಯರಿಗೆ ಸಲ್ಲದೆಂದು ನಾವು ಭಾವಿಸುತ್ತೇವೆ. ಅವರಿಗೂ ಎಲ್ಲರ ಹಿತ್ತಲಿನ ಗಿಡ ತಿಳಿದಿರಲಾರದು. ಮೂರನೆಯದಾಗಿ, ಹಣ್ಣು ತಿನ್ನುವ ಆಸೆಗಾಗಿ ಮಾತ್ರೆಯನ್ನು ಎಂದಿಗೂ ನಿಲ್ಲಿಸಕೂಡದು. ಎರಡೂ ಬೇಕೆನಿಸಿದರೆ, ಬೇರೆ ಔಷಧ ಸಾಧ್ಯವೇ ಎಂದು ವೈದ್ಯರನ್ನೇ ಕೇಳಬಹುದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ವೈದ್ಯವನ್ನೇ ಕಾಯಕವನ್ನಾಗಿಸಿಕೊಂಡಿದ್ದರು. ರೋಗ, ಔಷಧ, ಪಥ್ಯಗಳ ಪರಿಭಾಷೆಯಲ್ಲಿಯೇ ಅವರ ಅನುಭಾವವೂ ಮೂಡಿತು. ಇಷ್ಟಲಿಂಗವನ್ನು ಧರಿಸಿದ ದೇಹವನ್ನು ಶರಣರು ಹೀನವೆಂದು ಕಂಡವರಲ್ಲ. ಅದಕ್ಕೆ ಅರ್ಪಿತವಾಗುವ ಪದಾರ್ಥವನ್ನು ಅರಿತು ಅರ್ಪಿಸಬೇಕೆಂಬುದು ಅವರ ನಿಲುವು. ಆ ಅರಿವು ಈ ಕಾಲದಲ್ಲಿ ಮಾತ್ರೆಯ ಪೊಟ್ಟಣದ ಸಣ್ಣ ಅಕ್ಷರವನ್ನು ಓದುವುದನ್ನೂ ಒಳಗೊಳ್ಳುತ್ತದೆ.

ಮಾತ್ರೆಯ ಕಾರಣದಿಂದ ತಾವು ತಿನ್ನಲಾಗದ ಹಿರಿಯರೂ ಹಿತ್ತಲಿನ ಮರವನ್ನು ಉಳಿಸಿಕೊಳ್ಳಲಿ. ಜಾಗವಿದ್ದವರು ಒಂದು ಸಸಿಯನ್ನು ನೆಡಲಿ. ಅದರ ಹಣ್ಣು ಮೊಮ್ಮಕ್ಕಳಿಗೂ ನೆರೆಹೊರೆಯವರಿಗೂ ದಾಸೋಹದ ಪಂಕ್ತಿಗೂ ಸಲ್ಲಲಿ.