ನಾಚಿಕೆ ಬಿಡೋಣ, ನರ್ಸಮ್ಮನನ್ನು ಕೇಳೋಣ

ನರ್ಸಮ್ಮ ಊರಿಗೆ ಬಂದರೆ ಮಗುವಿನ ಚುಚ್ಚುಮದ್ದಿನ ಬಗ್ಗೆ ಕೇಳ್ತೀವಿ. ನಮ್ಮ ತೊಂದರೆ ಹೇಳೋದಿಲ್ಲ. ನಾಚಿಕೆ ಅಂತೀವಿ. ಈ ನಾಚಿಕೆ ಜೀವಕ್ಕೇ ಮುಳುವಾದೀತು.

ಗರ್ಭಕೋಶದ ಬಾಯಿಗೂ ಕ್ಯಾನ್ಸರ್ ಬರುತ್ತದೆ. ಅದಕ್ಕೆ ಮುಖ್ಯ ಕಾರಣ ಎಚ್‌ಪಿವಿ ಎಂಬ ವೈರಸ್. ವೈರಸ್ ಅಂದರೆ ಕಣ್ಣಿಗೆ ಕಾಣದ ರೋಗಾಣು. ಇದು ಗಂಡು ಹೆಣ್ಣಿನ ದೇಹಸಂಬಂಧದಿಂದ ಹರಡುತ್ತದೆ. ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಉಳಿದು, 15–20 ವರ್ಷದ ಮೇಲೆ ಕ್ಯಾನ್ಸರ್ ಆಗಬಹುದು. ಮೊದಮೊದಲು ನೋವೇ ಇರೋದಿಲ್ಲ.

ಇದನ್ನು ತಡೆಯಲು ಲಸಿಕೆ ಇದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಹಾಕಿಸಿದರೆ ಫಲ ಹೆಚ್ಚು. ಸಿಕ್ಕಿಂ ರಾಜ್ಯದಲ್ಲಿ 2018ರಲ್ಲೇ ಹುಡುಗಿಯರಿಗೆ ಹಾಕಿದರು. 'ಈ ಸೂಜಿ ಹಾಕಿದರೆ ಮುಂದೆ ಮಕ್ಕಳಾಗೋದಿಲ್ಲ' ಅಂತ ಕೆಲವರು ಹೇಳ್ತಾರೆ. ಅದು ಸುಳ್ಳು.

ಮಗಳಿಗೆ ಲಸಿಕೆ ಸರಿ, ನಮಗೇನು? 30 ವರ್ಷ ದಾಟಿದವರು 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ತರಬೇತಿ ಪಡೆದ ನರ್ಸಮ್ಮ ಗರ್ಭಕೋಶದ ಬಾಯಿಗೆ ಔಷಧಿ ಹಚ್ಚಿ ನೋಡ್ತಾರೆ. ಬಿಳಿ ಮಚ್ಚೆ ಕಂಡರೆ ಡಾಕ್ಟರ ಹತ್ತಿರ ಕಳಿಸ್ತಾರೆ. ಮಚ್ಚೆ ಇದ್ದರೆಲ್ಲ ಕ್ಯಾನ್ಸರ್ ಅಲ್ಲ. ಬೇಗ ಕಂಡರೆ ವಾಸಿ ಮಾಡಬಹುದು. ಮುಟ್ಟು ನಿಂತ ಮೇಲೆ ರಕ್ತ ಹೋದರೆ, ಕೆಟ್ಟ ವಾಸನೆಯ ಬಿಳಿಮುಟ್ಟು ಇದ್ದರೆ ಕಾಯಬಾರದು.

ನರ್ಸಮ್ಮನಿಗೆ ಇದೆಲ್ಲ ತಿಳಿದಿದ್ದರೆ ಊರಿಗೇ ತಿಳಿದ ಹಾಗೆ. ಅವರೂ ನಮ್ಮಂತೆ ಹೆಂಗಸು. ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ನಾವು ಕೇಳೋಣ, ಅವರು ಹೇಳಲಿ.

ಓದಿ, ಮಾತಾಡೋಣ:
1. ಲಸಿಕೆ ಯಾವ ವಯಸ್ಸಿನಲ್ಲಿ ಹಾಕಿಸಬೇಕು?
2. ನಮ್ಮ ಓಣಿಯಲ್ಲಿ 30 ದಾಟಿದವರು ಯಾರು ಯಾರು? ಆಸ್ಪತ್ರೆಗೆ ಒಟ್ಟಿಗೆ ಯಾವತ್ತು ಹೋಗೋಣ?