ಐರನ್‌ಗೆ ಹೈಬ್ರಿಡ್ ಶಾಫ್ಟ್: ಕೈ ಸುಟ್ಟುಕೊಂಡು ಕಲಿತದ್ದು

ಸ್ಟೀಲ್ ಶಾಫ್ಟಿನ ಲಾಂಗ್ ಐರನ್ ಹೊಡೆದರೆ ಮೊಣಕೈವರೆಗೂ ಜುಮ್ಮೆನ್ನುತ್ತದೆ ಎನ್ನುವ ಹಿರಿಯ ಆಟಗಾರರು ನನ್ನ ಹತ್ತಿರ ಬರುತ್ತಿರುತ್ತಾರೆ. ಹೈಬ್ರಿಡ್ ಕ್ಲಬ್ಬಿನ ಹಗುರ ಗ್ರಾಫೈಟ್ ಶಾಫ್ಟನ್ನೇ ಐರನ್ ತಲೆಗೆ ಕೂರಿಸಿಕೊಡಿ ಎನ್ನುತ್ತಾರೆ. ಸರಿಯಾಗಿ ಕೂತರೆ, ಆಟವನ್ನೇ ಬಿಡಬೇಕೆಂದಿದ್ದವರು ಮತ್ತೆ ಬೆಳಿಗ್ಗೆ ಬೇಗ ಎದ್ದು ಕೋರ್ಸಿಗೆ ಹೊರಡುತ್ತಾರೆ. ಅದಕ್ಕೇ ಈ ಕೆಲಸ ನನಗೆ ಇಷ್ಟ. ಆದರೆ ಇದನ್ನು ಕಲಿಯುವಷ್ಟರಲ್ಲಿ ಸಾಕಷ್ಟು ಶಾಫ್ಟ್ ಹಾಳುಮಾಡಿದ್ದೇನೆ.

1. ಮೊದಲು ಅಳತೆ, ಆಮೇಲೆ ಅಂಟು

ಹೈಬ್ರಿಡ್ ಶಾಫ್ಟಿನ ತುದಿ ಸಾಮಾನ್ಯವಾಗಿ 0.370 ಇಂಚು ದಪ್ಪ. ಐರನ್ ತಲೆಗಳಲ್ಲಿ ಎರಡು ಜಾತಿ: 0.370 ಇಂಚಿನ ನೇರ ತೂತಿನವು, 0.355 ಇಂಚಿಗೆ ಕಿರಿದಾಗುತ್ತ ಹೋಗುವ ತೂತಿನವು. ಇದು ಗೊತ್ತಿದ್ದೂ ನಾನು ಅಸಡ್ಡೆ ಮಾಡಿದೆ. ಶಾಫ್ಟ್ ಒಳಗೆ ಹೋಗಲಿಲ್ಲ, ಉಪ್ಪು ಕಾಗದ ಹಿಡಿದು ಉಜ್ಜಿ ಉಜ್ಜಿ ಸಣ್ಣ ಮಾಡಿ ಕೂರಿಸಿದೆ. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಡ್ರೈವಿಂಗ್ ರೇಂಜಿನಲ್ಲಿ ಹೊಡೆಯುವಾಗ ಹೊಸೆಲಿನ (ತಲೆಯಲ್ಲಿ ಶಾಫ್ಟ್ ಕೂರುವ ಕೊಳವೆಯ) ಬಾಯಿಯ ಹತ್ತಿರವೇ ಮುರಿದು ತಲೆ ಹಾರಿಹೋಯಿತು. ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ. ಮುರಿದ ತುದಿಯನ್ನು ಬೆಳಕಿಗೆ ಹಿಡಿದೆ. ಒಂದು ಕಡೆ ಕಪ್ಪು ಎಳೆಗಳು ಪೊರಕೆಯ ಕಡ್ಡಿಗಳ ಹಾಗೆ ಕೆದರಿಕೊಂಡಿದ್ದವು, ಇನ್ನೊಂದು ಕಡೆ ಎಳೆಗಳೇ ಇರಲಿಲ್ಲ. ಬಣ್ಣದ ಜೊತೆಗೆ ಅವನ್ನೂ ಉಜ್ಜಿ ತೆಗೆದಿದ್ದೆ. ಗ್ರಾಫೈಟಿನ ಬಲವೆಲ್ಲ ಆ ಎಳೆಗಳಲ್ಲಿದೆ.

ಈಗ ತುದಿಯಲ್ಲಿ ಬಣ್ಣ ಮಾತ್ರ ತೆಗೆಯುತ್ತೇನೆ. 0.355ರ ತಲೆ ಬಂದರೆ ಅದನ್ನು ವೈಸಿಗೆ ಕಚ್ಚಿಸಿ, ನಿಧಾನವಾಗಿ 0.370ಕ್ಕೆ ಕೊರೆಯುತ್ತೇನೆ. ಹೊಸೆಲಿನ ಗೋಡೆ ತೆಳ್ಳಗಿದ್ದರೆ ಕೊರೆಯುವುದಿಲ್ಲ, ಬೇರೆ ಶಾಫ್ಟ್ ನೋಡೋಣ ಎನ್ನುತ್ತೇನೆ. ಗಿರಾಕಿಗೆ ಬೇಸರವಾದರೂ ಪರವಾಗಿಲ್ಲ.

2. ತುದಿ ಕತ್ತರಿಸಿದರೆ ಮರಳಿ ಬರುವುದಿಲ್ಲ

ನೇರ ತುದಿಯ ಐರನ್ ಶಾಫ್ಟಿನಲ್ಲಿ ಕ್ಲಬ್ಬಿನಿಂದ ಕ್ಲಬ್ಬಿಗೆ ಅರ್ಧ ಇಂಚು ಹೆಚ್ಚು ತುದಿ ಕತ್ತರಿಸುತ್ತ ಹೋಗುವುದು ರೂಢಿ. ಅದೇ ಲೆಕ್ಕವನ್ನು ಹೈಬ್ರಿಡ್ ಶಾಫ್ಟಿಗೂ ಹಾಕಿದೆ. ಎಂಟನೇ ಐರನ್ನಿಗೆ ಬರುವ ಹೊತ್ತಿಗೆ ಶಾಫ್ಟ್ ಅರ್ಧಕ್ಕೇ ಸಿಕ್ಕಿಕೊಂಡಿತು. ಒಂದೇ ದಪ್ಪದ ಭಾಗ ತುದಿಯಲ್ಲಿ ಕೆಲವೇ ಇಂಚು ಇರುತ್ತದೆ, ಅದನ್ನು ಕತ್ತರಿಸಿ ಮುಗಿಸಿ ದಪ್ಪಗಾಗುವ ಭಾಗಕ್ಕೆ ಬಂದುಬಿಟ್ಟಿದ್ದೆ. ಹೊಸೆಲಿಗೆ ಹೋದ ಶಾಫ್ಟ್‌ಗಳೂ ಬಡಿಗೆಯಂತೆ ಬಿಗಿಯಾಗಿದ್ದವು, ಕೈನೋವಿಗೆಂದು ಬಂದವರಿಗೆ ಕೊಡುವ ಹಾಗಿರಲಿಲ್ಲ. ಈಗ ನಾಲ್ಕು, ಐದು, ಹೆಚ್ಚೆಂದರೆ ಆರನೇ ಐರನ್‌ಗೆ ಮಾತ್ರ ಹೈಬ್ರಿಡ್ ಶಾಫ್ಟ್ ಹಾಕುತ್ತೇನೆ. ತುದಿಯಲ್ಲಿ ತಯಾರಕರು ಹೇಳಿದಷ್ಟೇ ಕತ್ತರಿಸಿ, ಮಿಕ್ಕ ಉದ್ದವನ್ನು ಗ್ರಿಪ್ಪಿನ ಕಡೆಯಿಂದ ತೆಗೆಯುತ್ತೇನೆ.

3. ಹಗುರವಾದದ್ದಕ್ಕೆ ಲೆಕ್ಕ ಕೊಡಬೇಕು

120 ಗ್ರಾಮಿನ ಸ್ಟೀಲ್ ತೆಗೆದು 70 ಗ್ರಾಮಿನ ಗ್ರಾಫೈಟ್ ಹಾಕಿದರೆ ಕೈಗೆ ಹಿತ. ಆದರೆ ಶಾಫ್ಟಿನಲ್ಲಿ ಸುಮಾರು 9 ಗ್ರಾಂ ಕಡಿಮೆಯಾದರೆ ಸ್ವಿಂಗ್ ವೇಟ್ (ಬೀಸುವಾಗ ತಲೆ ಕೈಗೆ ಎಷ್ಟು ಭಾರ ಅನಿಸುತ್ತದೆ ಎಂಬ ಅಳತೆ) ಒಂದು ಪಾಯಿಂಟ್ ಇಳಿಯುತ್ತದೆ. ಅಂದರೆ ಇಲ್ಲಿ ಐದಾರು ಪಾಯಿಂಟ್ ಹೋಯಿತು. ಹಿರಿಯರೊಬ್ಬರು ನನ್ನ ಕ್ಲಬ್ ಬೀಸಿ ನೋಡಿ, "ತಲೆ ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ ಕಣಪ್ಪಾ" ಎಂದಾಗ ಈ ಲೆಕ್ಕ ಅರ್ಥವಾಯಿತು. ಅದನ್ನು ಸರಿಮಾಡಲು ಹೋಗಿ ಬೇಕಾದ ತೂಕವನ್ನೆಲ್ಲ ಹೊಸೆಲಿನೊಳಗೆ ತುಂಬಿದೆ. ಆಗ ಭಾರವೆಲ್ಲ ತಲೆಯ ಹಿಮ್ಮಡಿಯ ಕಡೆ ಸರಿಯಿತು, ಅದೂ ಒಳ್ಳೆಯದಲ್ಲ.

ತಲೆಯಲ್ಲಿ 2 ಗ್ರಾಂ ಹೆಚ್ಚಿಸಿದರೆ ಸುಮಾರು ಒಂದು ಪಾಯಿಂಟ್, ಉದ್ದ ಅರ್ಧ ಇಂಚು ಹೆಚ್ಚಿಸಿದರೆ ಸುಮಾರು ಮೂರು. ಎರಡನ್ನೂ ಸ್ವಲ್ಪ ಸ್ವಲ್ಪ ಬಳಸಿದರೆ ಹೊಂದುತ್ತದೆ. ನಾನು ಸೀಸದ ಟೇಪನ್ನು ತಲೆಯ ಹಿಂಬದಿಗೆ ನಡುವಿನಲ್ಲೇ ಅಂಟಿಸಿ, ಆಟಗಾರರ ಕೈಗೆ ಕೊಟ್ಟು, ಬೇಕಾದಷ್ಟು ಕಿತ್ತು ತೆಗೆಯುತ್ತೇನೆ. ಉದ್ದ ಹೆಚ್ಚಿಸಿದರೆ ಲೈ ಕೋನವನ್ನೂ ನೋಡಿ.

4. ಹೊಸೆಲಿನ ಅಂಚು ಕತ್ತಿಯಂತಿರುತ್ತದೆ

ಸ್ಟೀಲಿಗೆಂದು ಮಾಡಿದ ತೂತಿನ ಬಾಯಿ ಚೂಪಾಗಿರುತ್ತದೆ, ಪ್ರತಿ ಹೊಡೆತಕ್ಕೂ ಗ್ರಾಫೈಟನ್ನು ಅದು ಕೊರೆಯುತ್ತದೆ. ಅಂಚನ್ನು ಒಳಗಿನಿಂದ ಸ್ವಲ್ಪ ಇಳಿಜಾರಾಗಿ ಕೊರೆದರೆ ಸಾಕು, ಐದು ನಿಮಿಷದ ಕೆಲಸ. ಕತ್ತರಿಸುವಾಗ ಪೈಪ್ ಕಟರ್ ಬೇಡವೇ ಬೇಡ, ಶಾಫ್ಟ್ ಪುಡಿಯಾಗುತ್ತದೆ. ಟೇಪ್ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಲ್ಲಿ, ಶಾಫ್ಟನ್ನು ತಿರುಗಿಸುತ್ತ ಕೊಯ್ಯಿರಿ. ಮಾಸ್ಕ್ ಹಾಕಿಕೊಳ್ಳಿ, ಆ ದೂಳು ಎದೆಗೆ ಒಳ್ಳೆಯದಲ್ಲ. ನಾನು ಬಹಳ ಕಾಲ ಹಾಕಿಕೊಳ್ಳಲಿಲ್ಲ.

5. ಗ್ರಿಪ್ಪಿನ ಒಳ ಅಳತೆ ನೋಡಿ

ಗ್ರಿಪ್ ಹಾಕುವ ತುದಿ ಹೈಬ್ರಿಡ್ ಶಾಫ್ಟಿನಲ್ಲಿ ಹಲವೊಮ್ಮೆ ದಪ್ಪ. ಅದೇ ಗ್ರಿಪ್ ಹಾಕಿದರೂ ಕೈಗೆ ಬೇರೆಯೇ ಅನಿಸುತ್ತದೆ. ಟೇಪಿನ ಪದರ ಕಡಿಮೆ ಮಾಡಿ.

6. ಒಂದೇ ಕ್ಲಬ್ ಮಾಡಿ ಕೊಡಿ

ಇಡೀ ಸೆಟ್ಟನ್ನು ಒಂದೇ ಸಲಕ್ಕೆ ಬಿಚ್ಚುವ ಉತ್ಸಾಹ ನನಗೂ ಇತ್ತು. ಬಿಚ್ಚಿದೆ, ಅಂಟಿಸಿದೆ, ಆಟಗಾರರಿಗೆ ಒಗ್ಗಲಿಲ್ಲ. ಎಲ್ಲವನ್ನೂ ಮತ್ತೆ ಬಿಸಿಮಾಡಿ ಕೀಳಬೇಕಾಯಿತು. ಗ್ರಾಫೈಟನ್ನು ತಿರುಚದೆ ನೇರವಾಗಿಯೇ ಎಳೆಯಬೇಕು, ಬಿಸಿ ಹೆಚ್ಚಾದರೆ ಶಾಫ್ಟ್ ಕೈಬಿಟ್ಟಂತೆಯೇ. ಈಗ ಐದನೇ ಐರನ್ ಒಂದನ್ನೇ ಮಾಡಿ, ಎಪಾಕ್ಸಿಗೆ ಒಂದು ಪೂರ್ತಿ ದಿನ ಒಣಗಲು ಬಿಟ್ಟು, ಕೆಲವು ವಾರ ಆಡಲು ಕೊಡುತ್ತೇನೆ. ಗ್ರಾಫೈಟಿನ ಆರನೇ ಐರನ್ ಮುಗಿದು ಸ್ಟೀಲಿನ ಏಳನೇ ಐರನ್ ಶುರುವಾಗುವ ಕಡೆ ಚೆಂಡು ಹೋಗುವ ದೂರದಲ್ಲಿ ಅಂತರ ಬೀಳುವುದುಂಟು. ಅದಕ್ಕೆ ಹೊಸ ಐದನೇ ಐರನ್ನಿನಲ್ಲೂ ಹಳೆಯ ಏಳನೇ ಐರನ್ನಿನಲ್ಲೂ ಎಷ್ಟೆಷ್ಟು ದೂರ ಬಂತು ಎಂದು ಬರೆದಿಟ್ಟುಕೊಂಡು ಬನ್ನಿ ಎಂದು ಕೇಳಿಕೊಳ್ಳುತ್ತೇನೆ. ಆ ಚೀಟಿ ಕೈಗೆ ಬಂದ ಮೇಲೆಯೇ ಆರನೇ ಐರನ್ ಮುಟ್ಟುವುದು.